ತಿರುಗಿಸಿದ ಹನ್ನೊಂದು ಚಿತ್ರಗಳು

ಆ ಜನವರಿಯಲ್ಲಿ ನಾನು ಚಿಂತೆ ಮಾಡಿದ್ದು ಮುಖ್ಯವಾಗಿ ಗಾಳಿಯ ತೇವಾಂಶದ ಬಗ್ಗೆ. ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಸಾಂಸ್ಕೃತಿಕ ಕೇಂದ್ರವಿದೆ. ಅದರ ನೆಲಮಹಡಿಯಲ್ಲಿ ಒಂದು ಪ್ರದರ್ಶನ ನಡೆಯುವುದಿತ್ತು. ವಿಷಯ, ಹಳೆಯ ಜಪಾನೀ ಸಾಹಿತ್ಯದಲ್ಲಿ ಬರುವ ದೆವ್ವಗಳು, ಮಾಯಾವಿಗಳು. ಗೋಡೆ, ಗಾಜಿನ ಪೆಟ್ಟಿಗೆ, ದೀಪ, ಫಲಕ ಎಲ್ಲ ಮಾಡಿ ನಿಲ್ಲಿಸುವ ಗುತ್ತಿಗೆ ದುಬೈಯ ನಮ್ಮ ಕಂಪೆನಿಯದ್ದು, ಮೇಲ್ವಿಚಾರಣೆ ನನ್ನದು. ಜಪಾನಿನಿಂದ ಆರು ಹಳೆಯ ಚಿತ್ರಸುರುಳಿಗಳು ಬರುವುದಿತ್ತು. ಅವು ಇರುವ ಕೋಣೆಯ ತೇವಾಂಶ ಶೇಕಡಾ ಐವತ್ತರ ಆಸುಪಾಸು ಇರಬೇಕು, ಐವತ್ತೈದನ್ನು ದಾಟಕೂಡದು ಎಂದು ಒಪ್ಪಂದದಲ್ಲಿ ಬರೆದಿತ್ತು. ಹೊರಗೆ ನೋಡಿದರೆ ಸಮುದ್ರ, ಬೆಳಿಗ್ಗೆ ಮಂಜು. ನಾನು ಜೇಬಿನಲ್ಲೊಂದು, ಚೀಲದಲ್ಲೊಂದು ತೇವಾಂಶ ಮಾಪಕ ಇಟ್ಟುಕೊಂಡು ಓಡಾಡುತ್ತಿದ್ದೆ. ಒಂದು ಇನ್ನೊಂದಕ್ಕಿಂತ ಎರಡು ಅಂಕ ಹೆಚ್ಚು ತೋರಿಸುತ್ತದಲ್ಲ ಎಂದು ತೀರ್ಪಿಗಾಗಿ ಮೂರನೆಯದನ್ನು ತಂದೆ. ಅದು ಬೇರೆಯೇ ಒಂದು ಸಂಖ್ಯೆ ಹೇಳಿತು.

ತೇವಾಂಶ ಮುಗಿದರೆ ಬೆಳಕು. ಹಳೆಯ ಕಾಗದದ ಮೇಲೆ ಬೀಳುವ ಬೆಳಕು ಐವತ್ತು ಲಕ್ಸ್ ಮೀರಬಾರದು. ಬೆಳಕು ಮುಗಿದರೆ ಬಣ್ಣದ ವಾಸನೆ, ಅದಾದರೆ ಅಗ್ನಿಶಾಮಕದವರ ಪತ್ರ. ಹೀಗೆ ಒಂದಾದ ಮೇಲೊಂದು ಚಿಂತೆಗಳು ಸಾಲಾಗಿ ನಿಂತು ತಮ್ಮ ಸರದಿಗೆ ಕಾಯುತ್ತಿದ್ದವು. ನನಗೀಗ ಐವತ್ತೆರಡು. ಚಿಂತೆ ಮಾಡುವುದನ್ನೇ ಒಂದು ಉದ್ಯೋಗವೆಂದು ಈ ದೇಶದವರು ಒಪ್ಪಿದ್ದರೆ ನನ್ನ ವೀಸಾದಲ್ಲಿ ಅದನ್ನೇ ಬರೆಯುತ್ತಿದ್ದರು. ಆದರೆ ಇಷ್ಟೆಲ್ಲ ಚಿಂತಿಸಿದವನು ಚಿಂತಿಸಬೇಕಾಗಿದ್ದ ಒಂದು ವಿಷಯವನ್ನು ಮಾತ್ರ ತಮಾಷೆ ಮಾಡಿ ಬಿಟ್ಟಿದ್ದೆ.

ಕೆಲಸದ ಕ್ರಮ ಹೀಗಿತ್ತು. ಸುರುಳಿಗಳು ಗಾಜಿನ ಪೆಟ್ಟಿಗೆಯಲ್ಲಿ. ಸುತ್ತಲಿನ ಗೋಡೆಗಳಲ್ಲಿ ಆಳೆತ್ತರದ ಇಪ್ಪತ್ತೆರಡು ಫಲಕಗಳು, ವಿಶೇಷ ಕಾಗದದ ಮೇಲೆ ಮುದ್ರಿಸಿ ಗೋಡೆಗೇ ಅಂಟಿಸುವಂಥವು. ಹನ್ನೊಂದು ಕಥೆಗಳು, ಪ್ರತಿ ಕಥೆಗೂ ಇಂಗ್ಲಿಷ್‌ನಲ್ಲೊಂದು, ಅರೇಬಿಕ್‌ನಲ್ಲೊಂದು ಫಲಕ. ಎರಡರಲ್ಲೂ ಅದೇ ಚಿತ್ರ. ಹೆಂಗಸಿನ ರೂಪ ತಾಳಿ ಸಂಸಾರ ಮಾಡಿದ ನರಿ ಒಂದರಲ್ಲಿ. ಬೆಟ್ಟದ ಮೇಲಿದ್ದುಕೊಂಡು ಸನ್ಯಾಸಿಗಳ ಅಹಂಕಾರ ನೋಡಿ ನಗುವ, ರೆಕ್ಕೆಯುಳ್ಳ ಉದ್ದಮೂಗಿನವನು ಇನ್ನೊಂದರಲ್ಲಿ. ನೂರು ವರ್ಷ ಬಳಸಿ ಬಿಸಾಡಿದ ಪಾತ್ರೆ, ಕೊಡೆ, ಚಪ್ಪಲಿಗಳಿಗೆ ಜೀವ ಬಂದು ಯಜಮಾನನ ಮೇಲೆ ಮುಯ್ಯಿ ತೀರಿಸಿಕೊಳ್ಳುವುದು ಮತ್ತೊಂದರಲ್ಲಿ. ನಮ್ಮ ಆಫೀಸಿನ ಜೆರಾಕ್ಸ್ ಯಂತ್ರಕ್ಕೆ ಅಷ್ಟು ವರ್ಷ ಬೇಕಾಗಿರಲಿಲ್ಲ ಎಂದು ನಾನು ನಾಲ್ಕೈದು ಜನರ ಹತ್ತಿರವಾದರೂ ಹೇಳಿದ್ದೇನೆ.

ಫಲಕಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ಮುದ್ರಣಕ್ಕೆ ಕಳಿಸುವವರು ನಮ್ಮ ಗ್ರಾಫಿಕ್ಸ್‌ನ ಬಾಯಮ್ಮ. ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ, ನನಗಿಂತ ಐದಾರು ವರ್ಷ ಚಿಕ್ಕವರು. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಪ್ಪ ಕರೆಯುತ್ತಿದ್ದಂತೆ ನಾನೂ ಅವರನ್ನು ಬಾಯಮ್ಮ ಎನ್ನುತ್ತೇನೆ. ಅವರು ನನ್ನನ್ನು ಭಟ್ರೇ ಎನ್ನುತ್ತಾರೆ. ಹದಿಮೂರು ವರ್ಷದಿಂದ ನಾವಿಬ್ಬರೂ ಒಂದೇ ವ್ಯಾನಿನಲ್ಲಿ, ಪಕ್ಕಪಕ್ಕದ ಸೀಟಿನಲ್ಲಿ ಹೋಗಿ ಬರುವವರು. ಅವರ ಗಂಡನ ಹೋಟೆಲ್ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಗಂಡ, ಮಗಳು ಇಬ್ಬರೂ ಈಗ ಇವರ ವೀಸಾದ ಮೇಲೆ. ಮಗಳಿಗೆ ಹನ್ನೆರಡನೆಯ ತರಗತಿಯ ಪರೀಕ್ಷೆ ಐದು ವಾರದಲ್ಲಿತ್ತು. ಹಿಂದಿನ ವರ್ಷ ಒಂದು ಶಾಪಿಂಗ್ ಮಾಲಿನಲ್ಲಿ ದಾರಿ ತೋರಿಸುವ ಬಾಣ ಹಿಂದುಮುಂದಾಗಿ, ಶೌಚಾಲಯ ಹುಡುಕಿದವರೆಲ್ಲ ನೆಲ ಒರೆಸುವವರ ಕೋಣೆಗೆ ಹೋಗುವಂತಾಗಿತ್ತು. ಅದಕ್ಕೆ ಬಾಯಮ್ಮನಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತ್ತು. ಎರಡನೆಯದು ಬಂದರೆ ಕೆಲಸವಿಲ್ಲ. ನಮ್ಮಲ್ಲಿ ಅದು ಎಲ್ಲರಿಗೂ ಗೊತ್ತಿರುವ ನಿಯಮ.

ಮುದ್ರಣಕ್ಕೆ ಮುಂಚೆ ಕರಡು ಪ್ರತಿ ಎಲ್ಲರ ಕೈದಾಟುತ್ತದೆ. ಇಂಗ್ಲಿಷ್ ನೋಡುವವರು ಇಂಗ್ಲಿಷ್ ನೋಡಿದರು. ಅರೇಬಿಕ್ ನೋಡುವವರು ಅರೇಬಿಕ್ ನೋಡಿದರು. ಜಪಾನಿನವರು ಒಂದು ಪ್ರತಿ ಸಾಕೆಂದರು. ಅವರಿಗೆ ಇಂಗ್ಲಿಷಿನದ್ದೇ ಹೋಯಿತು. ಚಿತ್ರ ನೋಡುವವರು ಅಂತ ಯಾರೂ ಇರಲಿಲ್ಲ. ಕೊನೆಗೆ ಎಲ್ಲದರ ಕೆಳಗೆ ನನ್ನ ಸಹಿ.

ಫಲಕ ಅಂಟಿಸಿ ವಾರವಾದ ಮೇಲೆ, ಒಂದು ಮಂಗಳವಾರ, ಮರದ ಪೆಟ್ಟಿಗೆಗಳು ಬಂದವು. ಇಪ್ಪತ್ನಾಲ್ಕು ಗಂಟೆ ಅವನ್ನು ತೆರೆಯುವಂತಿಲ್ಲ; ಒಳಗಿನ ಕಾಗದ ಹೊಸ ಕೋಣೆಯ ಗಾಳಿಗೆ ಹೊಂದಿಕೊಳ್ಳಬೇಕು. ಪೆಟ್ಟಿಗೆಗಳ ಜೊತೆ ಒಬ್ಬರು ಜಪಾನೀ ಮೇಡಂ ಬಂದಿದ್ದರು, ಅರವತ್ತರ ಹತ್ತಿರದವರು, ಸುರುಳಿಗಳ ಕಾವಲಿಗೆ. ಬುಧವಾರ ಬೆಳಿಗ್ಗೆ ಅವರು ಪೆಟ್ಟಿಗೆ ತೆರೆಯುವ ಮೊದಲು ಕೋಣೆಯನ್ನೊಮ್ಮೆ ನೋಡುತ್ತೇನೆಂದರು. ನಾನು ಮೂರು ಮಾಪಕಗಳನ್ನೂ ಹಿಡಿದುಕೊಂಡು ಹಿಂದಿನಿಂದ ಹೋದೆ. ಐವತ್ತೊಂದು, ಐವತ್ತೆರಡು, ಐವತ್ತು. ಅವರು ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮೂರನೆಯ ಅರೇಬಿಕ್ ಫಲಕದ ಮುಂದೆ ನಿಂತರು. ನಿಂತೇ ಇದ್ದರು.

ಅದರಲ್ಲಿ ಒಬ್ಬ ಶ್ರೀಮಂತ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಾಳೆ. ಅವಳ ಬೆನ್ನಿನಿಂದ ಹೊಗೆಯಂಥದ್ದೊಂದು ಎದ್ದು ಬಾಗಿಲ ಕಡೆ ಹೋಗುತ್ತಿದೆ.

ಮೇಡಂ ತಮ್ಮ ಕೋಟಿನ ಗುಂಡಿ ಬಿಚ್ಚಿದರು. ಎಡಭಾಗವನ್ನು ಬಲಭಾಗದ ಮೇಲೆ ತಂದು ಮುಚ್ಚಿ, "ಬದುಕಿರುವವರು" ಎಂದರು. ಮತ್ತೆ ಬಿಚ್ಚಿ ಬಲಭಾಗವನ್ನು ಮೇಲೆ ತಂದು, "ಸತ್ತವರು" ಎಂದರು. ಅವರ ಇಂಗ್ಲಿಷ್ ಕಡಿಮೆ. ಆದರೆ ಇದಕ್ಕೆ ಹೆಚ್ಚೇನೂ ಬೇಕಿರಲಿಲ್ಲ. ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು. ಆ ಹೆಂಗಸಿನ ಉಡುಪಿನ ಬಲಭಾಗ ಮೇಲಿತ್ತು.

"ಹೆಣಕ್ಕೆ ಮಾತ್ರ ನಾವು ಹೀಗೆ ಉಡಿಸುತ್ತೇವೆ," ಎಂದರು. "ಈಕೆ ಬದುಕಿದ್ದಾಳೆ. ಕಥೆ ಇರುವುದೇ ಅದರಲ್ಲಿ."

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಸಣ್ಣ ವಿಷಯಕ್ಕಾ ಎನ್ನುತ್ತಿದ್ದರೇನೋ. ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ಪ್ರತಿ ವರ್ಷ ದುಬೈಯ ಕರಾಮದ ನಮ್ಮ ಫ್ಲಾಟಿನಲ್ಲಿ ಅಪ್ಪನ ಶ್ರಾದ್ಧ ಮಾಡುತ್ತೇನೆ. ಪುರೋಹಿತರು ಉಡುಪಿಯಿಂದ ಫೋನಿನ ಪರದೆಯಲ್ಲಿ. ಎಡ ಹೆಗಲ ಜನಿವಾರ ಪಿತೃಗಳ ಕೆಲಸಕ್ಕೆ ಬಲ ಹೆಗಲಿಗೆ ಬರಬೇಕು. ಒಂದು ವರ್ಷ ಮರೆತಿದ್ದಕ್ಕೆ ಪರದೆಯಿಂದಲೇ "ಅಯ್ಯೋ ಭಟ್ರೇ, ಬಲಕ್ಕೆ, ಬಲಕ್ಕೆ" ಎಂದು ಕೂಗಿದ್ದರು. ಒಂದು ನೂಲು ಯಾವ ಹೆಗಲಲ್ಲಿದೆ ಎನ್ನುವುದರಿಂದ ಬದುಕಿರುವವರ ಲೋಕ, ಸತ್ತವರ ಲೋಕ ಬೇರೆಯಾಗುತ್ತದೆ ಎನ್ನುವುದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಒಂದೊಂದೇ ಫಲಕ ನೋಡುತ್ತ ಹೋದೆವು. ಅರೇಬಿಕ್‌ನ ಹನ್ನೊಂದೂ ಹಾಗೇ. ಮದುಮಗಳು, ಸನ್ಯಾಸಿ, ಹಾಲುಣಿಸುವ ತಾಯಿ ಎಲ್ಲರೂ ಹೆಣದ ಉಡುಪಿನಲ್ಲಿ. ಯೋಧನ ಖಡ್ಗ ಬಲಸೊಂಟಕ್ಕೆ ಬಂದಿತ್ತು. ಒಂದೇ ಒಂದು ಫಲಕದಲ್ಲಿ ನಿಜವಾಗಿ ಸತ್ತವಳ ದೆವ್ವವಿತ್ತು. ಅವಳು ಮಾತ್ರ ಬದುಕಿ ಎದ್ದಿದ್ದಳು. ಮೇಡಂಗೆ ಅಲ್ಲಿ ಸಣ್ಣ ನಗು ಬಂತು. ನನಗೆ ಬರಲಿಲ್ಲ.

ಕಾರಣ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. ಈ ದೇಶದಲ್ಲಿ ಎರಡು ಭಾಷೆಯ ಫಲಕ ಮಾಡುವವರೆಲ್ಲರ ಕೈಗೆ ಹತ್ತಿದ ಅಭ್ಯಾಸ ಅದು. ಅರೇಬಿಕ್ ಬಲದಿಂದ ಎಡಕ್ಕೆ ಓದುವ ಭಾಷೆ. ಹಾಗಾಗಿ ಅರೇಬಿಕ್ ಫಲಕ ಮಾಡುವಾಗ ಇಡೀ ಹೊಂದಿಕೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತೇವೆ. ಜೊತೆಗೆ ಚಿತ್ರವನ್ನೂ, ಅದರಲ್ಲಿರುವವರು ಬರಹದ ಕಡೆ ಮುಖ ಮಾಡಲಿ ಎಂದು. ಬ್ಯಾಂಕಿನ ಜಾಹೀರಾತಿನಲ್ಲಿ ನಗುವ ಕುಟುಂಬ ಯಾವ ಕಡೆ ನೋಡಿ ನಕ್ಕರೂ ಯಾರಿಗೂ ನಷ್ಟವಿಲ್ಲ.

ಮ್ಯಾನೇಜರಿಗೆ ಫೋನ್ ಮಾಡಿದೆ. ಸರಿಪಡಿಸಲು ಎಷ್ಟು ದಿನ ಬೇಕು ಎಂದು ಕೇಳುತ್ತಾರೆ ಎಂದುಕೊಂಡು ಮನಸ್ಸಿನಲ್ಲೇ ದಿನ ಲೆಕ್ಕ ಹಾಕಿಟ್ಟುಕೊಂಡಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, "ಯಾರು ಮಾಡಿದ್ದು?"

"ಗ್ರಾಫಿಕ್ಸ್," ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು, ಹೊರಗೆ ಹೋಯಿತು. "ಹೌದಾ. ಮತ್ತೆ ಅವಳೇ," ಎಂದು ಮ್ಯಾನೇಜರ್ ಫೋನ್ ಇಟ್ಟರು. ಅರ್ಧ ಗಂಟೆಯಲ್ಲಿ ಒಂದು ನಮೂನೆ ನನ್ನ ಮೇಲ್‌ಗೆ ಬಂತು. ಸಾಂಸ್ಕೃತಿಕ ಕೇಂದ್ರದವರು ಕೇಳಿದ್ದು: ತಪ್ಪಿನ ಮೂಲ ಕಾರಣ, ಹೊಣೆ ಯಾರದ್ದು, ಇನ್ನು ಮುಂದೆ ಆಗದಂತೆ ಏನು ಕ್ರಮ. ತುಂಬಿ ಕೊಡಬೇಕಾದವನು ಯೋಜನೆಯ ಮೇಲ್ವಿಚಾರಕ, ಅಂದರೆ ನಾನು. ಗಡುವು ಸೋಮವಾರ ಬೆಳಿಗ್ಗೆ, ಮಂಗಳವಾರ ಉದ್ಘಾಟನೆ.

ಮೇಡಂ ಪೆಟ್ಟಿಗೆಗಳನ್ನು ತೆರೆಯಲಿಲ್ಲ. ಗೋಡೆಯ ಒದ್ದೆ ಕೆಲಸ ಮುಗಿದು, ಒಣಗಿ, ತೇವಾಂಶ ಮತ್ತೆ ಕೆಳಗಿಳಿಯುವವರೆಗೆ ಪಕ್ಕದ ಕೋಣೆಯಲ್ಲಿ ಮುಚ್ಚಿಯೇ ಇರುತ್ತವೆ ಎಂದರು. "ಸೋಮವಾರ ಮಧ್ಯಾಹ್ನದೊಳಗೆ ಆಗದಿದ್ದರೆ ವಾಪಸು ಕೊಂಡೊಯ್ಯುತ್ತೇನೆ," ಎಂದೂ ಸೇರಿಸಿದರು. ಅದರಲ್ಲಿ ಬೆದರಿಕೆಯಿರಲಿಲ್ಲ, ಬಸ್ಸಿನ ಸಮಯ ಹೇಳಿದಂತಿತ್ತು.

ಗುರುವಾರ ಬೆಳಿಗ್ಗೆ ದುಬೈಯ ಅಲ್ ಕೂಸ್‌ನ ನಮ್ಮ ಕಾರ್ಖಾನೆಗೆ ಹೋದಾಗ ಬಾಯಮ್ಮ ಆಗಲೇ ಕಂಪ್ಯೂಟರಿನ ಮುಂದಿದ್ದರು. ಹನ್ನೊಂದು ಕಡತಗಳೂ ತೆರೆದಿದ್ದವು. ನನ್ನ ಕಡೆ ತಿರುಗದೆಯೇ ಕೇಳಿದರು:

"ನನ್ನ ಹೆಸರು ಹೇಳಿದ್ರಂತೆ, ಭಟ್ರೇ?"

"ಹೆಸರು ಹೇಳ್ಲಿಲ್ಲ ಬಾಯಮ್ಮ. ಡಿಪಾರ್ಟ್‌ಮೆಂಟ್ ಹೇಳಿದ್ದು."

"ಡಿಪಾರ್ಟ್‌ಮೆಂಟಲ್ಲಿ ನಾನೊಬ್ಳೇ ಅಲ್ವಾ ಮಾರಾಯ್ರೆ ಇರುದು? ಮತ್ಯಾರು, ಈ ಪ್ರಿಂಟರಾ?"

ನಾನು ಸ್ಟೂಲ್ ಎಳೆದು ಕೂತೆ. ಅವರು ಆ ಹೆಂಗಸಿನ ಚಿತ್ರವನ್ನು ಒಂದೇ ಕ್ಲಿಕ್ಕಿನಲ್ಲಿ ಸರಿಯಾಗಿ ತಿರುಗಿಸಿದರು. ಅವಳು ಬದುಕಿದಳು, ಆದರೆ ಈಗ ಬರಹಕ್ಕೆ ಬೆನ್ನು ಹಾಕಿ, ಗೋಡೆಯಾಚೆ ಎಲ್ಲಿಗೋ ಮುಖ ಮಾಡಿದ್ದಳು. ಬರೀ ತಿರುಗಿಸಿದರೆ ಆಗುವುದಿಲ್ಲ ಎಂದು ಆಗ ಗೊತ್ತಾಯಿತು. ಬಾಯಮ್ಮ ಒಂದೆರಡು ನಿಮಿಷ ಗಲ್ಲಕ್ಕೆ ಕೈಕೊಟ್ಟು ಕೂತರು. ಆಮೇಲೆ ಚಿತ್ರವನ್ನು ಬಲಕ್ಕೆ ತಂದು, ಅರೇಬಿಕ್ ಬರಹವನ್ನು ಅದರ ಎಡಕ್ಕೆ ಸರಿಸಿದರು. ಬಲದಿಂದ ಓದುವವರು ಮೊದಲು ಹೆಂಗಸನ್ನು ನೋಡುತ್ತಾರೆ, ಅವಳು ಮುಖ ಮಾಡಿದ ಕಡೆ ನೋಡುತ್ತಾರೆ, ಅಲ್ಲಿ ಕಥೆಯಿರುತ್ತದೆ. ಮೊದಲಿಗಿಂತ ಚೆನ್ನಾಗಿತ್ತು. ನಾನು ಹಾಗೆಂದೆ.

"ಹೌದಾ," ಎಂದರು. "ಗ್ರೇಸ್ ಪೀರಿಯಡ್ ಎಷ್ಟು ದಿನ ಕೊಡ್ತಾರೆ ಈಗ? ವೀಸಾ ಕ್ಯಾನ್ಸಲ್ ಆದ್ಮೇಲೆ. ಮಗಳ ಪರೀಕ್ಷೆ ಅಷ್ಟರೊಳಗೆ ಮುಗೀತದಾ ಅಂತ ನೋಡ್ತಾ ಇದ್ದೆ. ಕೊನೆಯದ್ದು ಎರಡು ಪೇಪರ್ ಆಚೆ ಹೋಗ್ತದೆ."

"ಹಾಗೆಲ್ಲ ಆಗ್ಲಿಕ್ಕಿಲ್ಲ ಬಾಯಮ್ಮ."

"ಆಗ್ಲಿಕ್ಕಿಲ್ಲ ಅಂತ ನೀವು ಬರೆದು ಕೊಡ್ತೀರಾ?"

ಅವರ ಮೇಜಿನ ಪಕ್ಕದ ಗೋಡೆಯಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಅಂಟಿಸಿದೆ. ಫಲಕ ಮಾಡುವಾಗ ಪಾಲಿಸಬೇಕಾದ ಹನ್ನೆರಡು ಅಂಶಗಳು. ಏಳನೆಯದು: ಅರೇಬಿಕ್‌ನಲ್ಲಿ ಚಿತ್ರವನ್ನು ತಿರುಗಿಸುವುದು. ಹಾಳೆ ಬರೆದದ್ದು ನಾನೇ, ಎಷ್ಟೋ ವರ್ಷದ ಕೆಳಗೆ. ಅದನ್ನು ನೋಡುತ್ತಿದ್ದಾಗ ನನಗೆ ಡಿಸೆಂಬರಿನ ಒಂದು ಬೆಳಿಗ್ಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು ಎಂದು ಆ ಕ್ಷಣವೇ ಅನಿಸಿದ್ದರಿಂದ, ಅದು ನಿಜವೆಂಬ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ.

ನಾನು ಪೆಟ್ಟಿಗೆಗಳಿಗೆ ಹಾಕುವ, ತೇವ ಹೀರುವ ಹರಳಿನ ಚೀಲ ಎಣಿಸುತ್ತಿದ್ದೆ. ಬಾಯಮ್ಮ ಎರಡು ಹಾಳೆ ಹಿಡಿದುಕೊಂಡು ಬಂದಿದ್ದರು. "ಭಟ್ರೇ, ಇದನ್ನೂ ಫ್ಲಿಪ್ ಮಾಡುದಾ? ಇವರ ಬಟ್ಟೆ ಎಲ್ಲ ಒಂದೇ ಬದಿಗೆ ಉಂಟು, ನೋಡಿ. ಅದಕ್ಕೆ ಎಂತಾದ್ರೂ ಅರ್ಥ ಇರ್ಬಹುದಾ? ಜಪಾನಿನವರನ್ನು ಒಮ್ಮೆ ಕೇಳುವನಾ?"

ನಾನು ಎಣಿಕೆ ತಪ್ಪಬಾರದೆಂದು ಒಂದು ಚೀಲದ ಮೇಲೆ ಬೆರಳಿಟ್ಟುಕೊಂಡು ಹೇಳಿದ್ದೆ: "ದೆವ್ವಕ್ಕೆ ಎಡ ಎಂತದು, ಬಲ ಎಂತದು ಬಾಯಮ್ಮ? ಯಾವಾಗಿನ ಹಾಗೇ ಮಾಡಿ. ಯಲ್ಲಾ, ಬೇಗ ಬೇಗ."

ಅವರು ನಕ್ಕಿದ್ದರು. ನಾನೂ ಮೆಚ್ಚಿಕೊಂಡಿದ್ದೆ, ಒಳ್ಳೆಯ ಮಾತು ಹೊಳೆಯಿತಲ್ಲ ಎಂದು. ಆ ಸಂಜೆ ಮನೆಯಲ್ಲಿ ಹೆಂಡತಿಗೂ ಹೇಳಿ ನಗಿಸಿದ್ದೆ.

ಈಗ ಅವರು ಅದನ್ನು ಎತ್ತುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಮರೆತಿದ್ದಾರೋ, ಹೇಳಿದರೆ ನಾನು ಇಲ್ಲವೆನ್ನಬಹುದೆಂದು ಸುಮ್ಮನಿದ್ದಾರೋ ತಿಳಿಯಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಹೊಸ ಕಡತಗಳನ್ನು ಮೇಡಂಗೆ ಕಳಿಸಿದೆವು. ಈ ಸಲ ಹನ್ನೊಂದನ್ನೂ ಅವರೇ ನೋಡಿ ಒಪ್ಪಿದರು.

ಶುಕ್ರವಾರ ಮುದ್ರಣ. ಬಳಸುವುದು ನೀರಿನಂಶದ ಶಾಯಿ. ಘಾಟು ಹೊಡೆಯುವ ಶಾಯಿ ಹಳೆಯ ಕಾಗದದ ಹತ್ತಿರ ಸುಳಿಯಬಾರದು. ಒಂದು ಫಲಕಕ್ಕೆ ಮೂರು ಉದ್ದ ಪಟ್ಟಿಗಳು, ಒಟ್ಟು ಮೂವತ್ಮೂರು. ಹತ್ತೊಂಬತ್ತನೆಯದಕ್ಕೆ ಕಾಗದದ ಸುರುಳಿ ಮುಗಿಯಿತು. ಹೊಸದನ್ನು ಹಾಕಿದರೆ ಕಪ್ಪು ಬಣ್ಣ ನೇರಳೆಗೆ ತಿರುಗಿತು. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ನರಿಯ ಹೆಂಗಸಿಗೆ ಅರ್ಧ ಮುಖ ಒಂದು ಬಣ್ಣ, ಅರ್ಧ ಇನ್ನೊಂದು. ಯಂತ್ರವನ್ನು ಮತ್ತೆ ಹದಕ್ಕೆ ತಂದು, ಬಣ್ಣದ ಚೌಕಗಳನ್ನು ಅಳೆದು, ನಾಲ್ಕು ಪಟ್ಟಿ ಬಿಸಾಡಿ, ಸಂಜೆಯ ಹೊತ್ತಿಗೆ ಅಂತೂ ಮುಗಿಯಿತು. ಆ ಇಡೀ ದಿನ ಬಾಯಮ್ಮ ನನ್ನ ಹತ್ತಿರ ಆಡಿದ್ದು ಬಣ್ಣದ ಮಾತು ಮಾತ್ರ. "ಸಯಾನ್ ಎರಡು ಕಡಿಮೆ ಮಾಡಿದ್ದೇನೆ." "ಈಗ ನೋಡಿ." "ಖಲಾಸ್, ಕೊನೆಯದ್ದು."

ಶನಿವಾರ ಬೆಳಿಗ್ಗೆ ಐದಕ್ಕೆ ಪಿಕಪ್ ಹೊರಟಿತು. ದಾರಿಯುದ್ದಕ್ಕೂ ಮಂಜು, ಮುಂದಿನ ಲಾರಿಯ ಕೆಂಪು ದೀಪವೊಂದೇ ಕಾಣುತ್ತಿತ್ತು. ಖಾಲಿದಿಯಾದಲ್ಲಿ ಹಳೆಯ ಫಲಕ ಕೀಳುವಾಗ ಇನ್ನೊಂದು ಪೆಟ್ಟು. ಅದನ್ನು ಅಂಟಿಸಿದವರು ಚೆನ್ನಾಗಿಯೇ ಅಂಟಿಸಿದ್ದರು. ಕಾಗದದ ಜೊತೆ ಗೋಡೆಯ ನುಣುಪು ಲೇಪವೂ ಹಾಳೆಯಾಗಿ ಕಿತ್ತು ಬಂತು. ಫೋರ್‌ಮನ್ ಕಣ್ಣೂರಿನವರು, ಎಲ್ಲರಿಗೂ ಇಕ್ಕ, ಅಂದರೆ ಅಣ್ಣ. ಅವರು ಕಿತ್ತುಬಂದ ಲೇಪವನ್ನು ಕೈಯಲ್ಲಿ ಹಿಡಿದು ತಮ್ಮ ಮಲಯಾಳಂ ಬೆರೆತ ಹಿಂದಿಯಲ್ಲಿ, "ಸಾಬ್, ಈ ದೆವ್ವಗಳಿಗೆ ಬಿಟ್ಟು ಹೋಗಲು ಮನಸ್ಸಿಲ್ಲ," ಎಂದರು. ನಕ್ಕು ಸುಸ್ತಾದೆವು, ನಗುವಂಥದ್ದೇನೂ ಇರಲಿಲ್ಲ. ಹನ್ನೊಂದು ಕಡೆ ತೇಪೆ ಹಾಕಿ, ಉಜ್ಜಿ, ಒಣಗಿಸಿ, ಅಂಟು ಬಳಿದು ಹೊಸ ಕಾಗದ ಏರಿಸುವಷ್ಟರಲ್ಲಿ ಮಾಪಕ ಅರವತ್ನಾಲ್ಕು ತೋರಿಸುತ್ತಿತ್ತು. ವಾರದ ರಜೆಯೆಂದು ಕಟ್ಟಡದವರು ಎಸಿಯನ್ನು ಅರ್ಧಕ್ಕೆ ಇಳಿಸಿದ್ದರು. ಅವರನ್ನು ಹುಡುಕಿ, ಪತ್ರ ಬರೆದು, ಅದನ್ನು ಪೂರ್ತಿಗೆ ಏರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಗೋಡೆ ಒಣಗಿರಲಿಲ್ಲ.

ಆ ಸಂಜೆ ಕರಾಮಕ್ಕೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನಮೂನೆ ಇನ್ನೂ ಖಾಲಿಯಿದೆ ಎಂದೂ ಹೇಳಿದೆ. ಹೊಣೆ ಯಾರದ್ದು ಎಂಬಲ್ಲಿ ನನ್ನ ಹೆಸರು ಬರೆದರೆ ಏನೇನಾಗಬಹುದೆಂದು ಒಂದೊಂದಾಗಿ ವಿವರಿಸಿದೆ. ಐವತ್ತೆರಡನೆಯ ವಯಸ್ಸಿನಲ್ಲಿ ಹೊಸ ಕೆಲಸ ಯಾರು ಕೊಡುತ್ತಾರೆ ಎಂಬಲ್ಲಿಂದ ಶುರುವಾಗಿ ಫ್ಲಾಟಿನ ಬಾಡಿಗೆ ಕರಾರು, ಅವಳ ವೀಸಾ ಎಲ್ಲ ಬಂತು. ಅವಳು ಗಂಜಿ ಬಡಿಸುತ್ತಾ ಪೂರ್ತಿ ಕೇಳಿದಳು.

"ದೆವ್ವಕ್ಕೆ ಎಡ ಬಲ ಇಲ್ಲ ಅಂತ ಹೇಳಿದ್ದು ನೀವೇ ಅಲ್ವಾ? ನನಗೂ ಹೇಳಿದ್ರಿ."

"ಹೌದು. ಆದ್ರೆ ಅದು ಎಲ್ಲಿಯೂ ಬರವಣಿಗೆಯಲ್ಲಿ ಇಲ್ಲ. ಯಾರೂ ಕೇಳಿಸಿಕೊಂಡಿಲ್ಲ."

"ಬಾಯಮ್ಮ ಕೇಳಿಸಿಕೊಂಡಿದ್ದಾರಲ್ಲ," ಎಂದಳು. "ಉಪ್ಪಿನಕಾಯಿ ಬೇಕಾ?"

ಅಷ್ಟೇ. ಅವಳು ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಭಾನುವಾರ ಮಾಡಲು ಕೆಲಸವಿರಲಿಲ್ಲ, ಕಾಯುವುದಷ್ಟೇ. ಮೇಡಂ ಒಂದು ಕುರ್ಚಿ ಹಾಕಿಸಿಕೊಂಡು ಪೆಟ್ಟಿಗೆಗಳ ಕೋಣೆಯ ಬಾಗಿಲಲ್ಲಿ ಕೂತಿದ್ದರು. ನಾನು ಏಣಿಯ ಕೆಳಗಿನ ಮೆಟ್ಟಿಲಲ್ಲಿ. ಅರವತ್ತು. ಐವತ್ತೊಂಬತ್ತು. ಅರ್ಧ ಗಂಟೆಗೊಮ್ಮೆ ಎದ್ದು ಬರೆದುಕೊಳ್ಳುತ್ತಿದ್ದೆ. ಎದುರಿಗೆ ಆ ಹೆಂಗಸು, ಈಗ ಎಡಭಾಗ ಮೇಲೆ, ಕಣ್ಣು ಮುಚ್ಚಿಕೊಂಡು. ಸುಮ್ಮನೆ ಕೂತು ಬೇಸರವಾಗಿ ಅವಳ ಕಥೆ ಕೇಳಿದೆ. ಫಲಕದಲ್ಲಿ ನಾಲ್ಕು ಸಾಲಿತ್ತು, ಆ ನಾಲ್ಕು ಸಾಲಿಗೆ ಸಹಿ ಹಾಕಿದವನು ನಾನು, ಓದಿರಲಿಲ್ಲ.

ಮೇಡಂ ಹೇಳಿದರು. ಹಳೆಯ ಕಾಲದ ಆ ಕಥೆಗಳಲ್ಲಿ ಸತ್ತವರ ದೆವ್ವಕ್ಕಿಂತ ಬದುಕಿರುವವರ ದೆವ್ವಕ್ಕೆ ಜನ ಹೆಚ್ಚು ಹೆದರುತ್ತಿದ್ದರಂತೆ. ಈಕೆ ಒಳ್ಳೆಯ ಮನೆತನದವಳು, ಗಟ್ಟಿಯಾಗಿ ಮಾತನಾಡಿದವಳಲ್ಲ. ನಿದ್ದೆ ಹೋದಾಗ ಅವಳೊಳಗಿನದು ಅವಳನ್ನು ಬಿಟ್ಟು ಎದ್ದು ಹೋಗಿ ಇನ್ನೊಂದು ಮನೆಯ ಹೆಂಗಸಿನ ಎದೆಯ ಮೇಲೆ ಕೂರುತ್ತದೆ. ಆ ಹೆಂಗಸು ದಿನದಿನಕ್ಕೆ ಸೊರಗುತ್ತಾಳೆ. ಇವಳಿಗೆ ಏನೂ ಗೊತ್ತಿಲ್ಲ. ಅಯ್ಯೋ ಪಾಪ ಎಂದು ಹಣ್ಣು ಕಳಿಸುತ್ತಾಳೆ.

"ಕೊನೆಗಾದರೂ ಗೊತ್ತಾಗುತ್ತದಾ?" ಎಂದೆ.

"ಗೊತ್ತಾಗುತ್ತದೆ. ಒಂದು ಬೆಳಿಗ್ಗೆ ಉಡುಪಿನ ಅಂಚಿನಲ್ಲಿ ಆ ಮನೆಯ ಅಂಗಳದ ಪೈನ್ ಮರದ ಎಲೆ ಸಿಕ್ಕಿಕೊಂಡಿರುತ್ತದೆ."

"ಆಮೇಲೆ?"

"ಎಲೆಯನ್ನು ಬಿಡಿಸಿ ಮುಚ್ಚಿಡುತ್ತಾಳೆ. ಯಾರಿಗೂ ಹೇಳುವುದಿಲ್ಲ. ಆ ಇನ್ನೊಬ್ಬಳು ಸಾಯುತ್ತಾಳೆ." ಮೇಡಂ ಗೋಡೆಯ ಹೆಂಗಸಿನ ಕಡೆ ಕೈ ತೋರಿಸಿದರು. "ಗೊತ್ತಿಲ್ಲದೆ ಮಾಡಿದ್ದಕ್ಕೆ ಅವಳನ್ನು ಯಾರೂ ದೂರುವುದಿಲ್ಲ. ಎಲೆ ಸಿಕ್ಕಿದ ಮೇಲಿನ ದಿನಗಳ ಬಗ್ಗೆಯೇ ಎಲ್ಲರೂ ವಾದಿಸುವುದು."

ಅವರಿಗೆ ನಮ್ಮ ನಮೂನೆಯ ವಿಷಯ ತಿಳಿದಿರಲು ಸಾಧ್ಯವಿರಲಿಲ್ಲ. ಬೇರೆ ಯಾರು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಮೂರು ಗಂಟೆಗೆ ಮಾಪಕ ಐವತ್ತೇಳು. ಬರೆದುಕೊಂಡೆ. ಮತ್ತೆ ಏಣಿಯ ಮೆಟ್ಟಿಲಲ್ಲಿ ಕೂತು ಫೋನಿನಲ್ಲೇ ನಮೂನೆ ತೆರೆದೆ. ಮೂಲ ಕಾರಣ ಎಂಬಲ್ಲಿ ಹೀಗೆ ಬರೆದೆ: ಈ ಚಿತ್ರಗಳನ್ನು ತಿರುಗಿಸಬೇಕೇ, ಜಪಾನಿನವರನ್ನು ಕೇಳೋಣವೇ ಎಂದು ಗ್ರಾಫಿಕ್ಸ್‌ನವರು ಮುದ್ರಣಕ್ಕೆ ಮೊದಲೇ ನನ್ನನ್ನು ಕೇಳಿದ್ದರು. ಕೇಳುವುದು ಬೇಡ, ತಿರುಗಿಸಿ ಎಂದು ನಾನು ಹೇಳಿದೆ. ಹೊಣೆ ಎಂಬಲ್ಲಿ ನನ್ನ ಹೆಸರು. ಮುಂದಿನ ಕ್ರಮ ಎಂಬಲ್ಲಿ, ಪಟ್ಟಿಯ ಏಳನೆಯ ಅಂಶ ತೆಗೆದುಹಾಕುವುದು.

ಬರೆದದ್ದನ್ನು ಮೊದಲು ಮ್ಯಾನೇಜರಿಗೆ ತೋರಿಸಿ, ಅವರು ತಿದ್ದಿದ ಮೇಲೆ ಕೇಂದ್ರದವರಿಗೆ ಕಳಿಸುವುದು ನಮ್ಮ ಪದ್ಧತಿ. ತೋರಿಸಿದರೆ ನನ್ನ ಎರಡು ಸಾಲು ಏನಾಗುತ್ತವೆ ಎಂದು ಗೊತ್ತಿತ್ತು. ತೋರಿಸದಿದ್ದರೆ ನಾನೇನಾಗುತ್ತೇನೆ ಎಂದೂ ಗೊತ್ತಿತ್ತು. ಇಬ್ಬರಿಗೂ ಒಟ್ಟಿಗೆ ಕಳಿಸಿದೆ. ಕಳಿಸಿದ ತಕ್ಷಣ ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎದ್ದು ಹೋಗಿ ಮಾಪಕ ನೋಡಿದೆ, ಅದಿನ್ನೂ ಐವತ್ತೇಳರಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಐವತ್ತಮೂರರ ಹತ್ತಿರ ಬಂತು. ಮೇಡಂ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದರು. ಪ್ರತಿ ಸುರುಳಿಯನ್ನೂ ಟಾರ್ಚಿನ ಬೆಳಕಿನಲ್ಲಿ ಅಂಗುಲ ಅಂಗುಲವಾಗಿ ನೋಡಿ, ಹಳೆಯ ಕಲೆ ಯಾವುದು, ಹೊಸದೇನಾದರೂ ಇದೆಯೇ ಎಂದು ದಾಖಲೆಯ ಜೊತೆ ಹೋಲಿಸಿದರು. ಹೊಸದೇನೂ ಇರಲಿಲ್ಲ. ಗಾಜು ಮುಚ್ಚಿದಾಗ ಸಂಜೆ ನಾಲ್ಕು.

ಮ್ಯಾನೇಜರ್ ಬಂದದ್ದು ಅದಾದ ಮೇಲೆ. ಗೋಡೆಯ ಮೂಲೆಗೆ ಕರೆದುಕೊಂಡು ಹೋಗಿ ಮೆಲ್ಲನೆ ಮಾತನಾಡಿದರು, ಕೂಗಿದ್ದರೆ ವಾಸಿಯಿತ್ತು. "ಮೇಲ್ವಿಚಾರಕನದೇ ತಪ್ಪು ಎಂದು ಕಂಪೆನಿಯ ಹೆಸರಿನಲ್ಲಿ ಬರೆದುಕೊಟ್ಟಿದ್ದೀರಿ. ಮುಂದಿನ ಕೆಲಸ ಯಾರು ಕೊಡುತ್ತಾರೆ ನಮಗೆ? ಅವಳ ಹೆಸರು ಇದ್ದಿದ್ದರೆ ಒಬ್ಬ ಸಿಬ್ಬಂದಿಯ ತಪ್ಪು ಎಂದು ಮುಗಿಯುತ್ತಿತ್ತು." ಅದು ನಿಜವೇ. ಬುಧವಾರದಿಂದ ನನಗೆ ಗೋದಾಮಿನ ಕೆಲಸ, ಪ್ರದರ್ಶನ ಮುಗಿಸಿ ಬರುವ ಗೋಡೆ, ಪೆಟ್ಟಿಗೆಗಳನ್ನು ಎಣಿಸಿ ಜೋಡಿಸುವುದು. ಜೊತೆಗೊಂದು ಎಚ್ಚರಿಕೆ ಪತ್ರ. ಬಾಯಮ್ಮನಿಗೆ ಪತ್ರ ಬರಲಿಲ್ಲ. ಮಂಗಳವಾರದ ಉದ್ಘಾಟನೆಗೆ ನನ್ನನ್ನು ಯಾರೂ ಬರಬೇಡ ಎನ್ನಲಿಲ್ಲ, ಬಾ ಎಂದೂ ಹೇಳಲಿಲ್ಲ. ನಾನು ಹೋಗಲಿಲ್ಲ.

ಬುಧವಾರ ಗೋದಾಮಿನಲ್ಲಿ ಎಂಟು ಗಂಟೆ ಎಣಿಸಿ, ಸಂಜೆ ವ್ಯಾನಿಗೆ ಕಾಯುತ್ತ ಗೇಟಿನ ಹತ್ತಿರ ನಿಂತಿದ್ದೆ. ಬಾಯಮ್ಮ ಬಂದರು. ಥ್ಯಾಂಕ್ಸ್ ಹೇಳುತ್ತಾರೆ, ನಾನು ಅದೆಲ್ಲ ಎಂತಕ್ಕೆ ಬಾಯಮ್ಮ ಎನ್ನಬೇಕು ಎಂದು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ.

"ನೀವು ಬರೆದದ್ದು ಗೊತ್ತಾಯ್ತು, ಭಟ್ರೇ," ಎಂದರು. "ಭಾನುವಾರ ಬರೆದದ್ದಲ್ವಾ?"

"ಹೌದು."

"ಗುರುವಾರ ನನ್ನ ಪಕ್ಕವೇ ಸ್ಟೂಲ್ ಹಾಕಿ ಕೂತಿದ್ರಿ. ಆಗ ನೆನಪಿತ್ತಾ, ನಾನು ಕೇಳಿದ್ದು?"

ಸುಳ್ಳು ಹೇಳಬಹುದಿತ್ತು. "ಇತ್ತು," ಎಂದೆ.

"ನನಗೂ ಇತ್ತು. ನೀವಾಗಿ ಹೇಳ್ತೀರಾ ಅಂತ ನೋಡ್ತಾ ಇದ್ದೆ." ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಶುಕ್ರವಾರ ಸಂಜೆ ಮನೆಗೆ ಹೋಗಿ ಮಗಳಿಗೆ ಹೇಳಿದೆ. ಪರೀಕ್ಷೆ ಮುಗಿಯುವ ಮೊದಲೇ ಊರಿಗೆ ಹೋಗಬೇಕಾಗ್ಬಹುದು, ಒಂದು ವರ್ಷ ಹೋದ್ರೂ ಹೋಗ್ಬಹುದು ಅಂತ. ಹೇಳದೆ ಇರ್ಲಿಕ್ಕೆ ಆಗುದಿಲ್ಲ ಅಲ್ವಾ? ಅವಳು 'ಇಟ್ಸ್ ಓಕೆ ಮಮ್ಮಾ' ಅಂದ್ಲು. ಪುಸ್ತಕ ಎಲ್ಲ ಒಟ್ಟು ಮಾಡಿ ಚೀಲಕ್ಕೆ ಹಾಕಿದ್ಲು. ಈಗ ಏನೂ ಆಗುದಿಲ್ಲ ಅಂತ ಹೇಳಿದ್ರೂ ಅವಳು ಚೀಲ ಬಿಚ್ಚುದಿಲ್ಲ ಮಾರಾಯ್ರೆ. ಅದರಿಂದಲೇ ಒಂದೊಂದು ತೆಗೆದು ಓದ್ತಾಳೆ, ಮತ್ತೆ ಒಳಗೇ ಇಡ್ತಾಳೆ."

"ಯೋಚನೆ ಮಾಡ್ತಾ ಇದ್ದೆ ಬಾಯಮ್ಮ," ಎಂದೆ.

"ಯಾರದ್ದು? ನಂದಾ, ನಿಮ್ದಾ?"

"ನಂದೇ."

ಅವರು ತಲೆಯಾಡಿಸಿದರು, ಅಷ್ಟಾದರೂ ನೇರ ಹೇಳಿದನಲ್ಲ ಎನ್ನುವಂತೆ. ವ್ಯಾನ್ ಬಂತು. ಅವರು ಹತ್ತಿ ಕಿಟಕಿಯ ಹತ್ತಿರ ಕೂತು, ಪಕ್ಕದ ಸೀಟಿನ ಮೇಲೆ ತಮ್ಮ ಚೀಲವನ್ನಿಟ್ಟರು. ನಾನು ದಾಟಿ ಹಿಂದಿನ ಸಾಲಿಗೆ ಹೋಗಿ ಕೂತೆ.